ಸೂಪರ್‌ಮ್ಯಾನ್ ಮನೆಗೆ ಬಂದ ಬಗೆ

1978ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಜನ ಎರಡು ಹೊಸ ಸೋಜಿಗಗಳನ್ನು ಕಂಡರು. ಒಂದು, ರಿಚರ್ಡ್ ಡಾನರ್ ನಿರ್ದೇಶಿಸಿದ ‘ಸೂಪರ್‌ಮ್ಯಾನ್’ ಚಲನಚಿತ್ರ. ಇನ್ನೊಂದು, ಅಟ್ಲಾಂಟಾ ನಗರದಲ್ಲಿ ಮಾರಾಟಕ್ಕೆ ಬಂದ ಲೇಸರ್ ಡಿಸ್ಕ್. 12 ಇಂಚು ಅಗಲದ, ಕನ್ನಡಿಯಂತೆ ಹೊಳೆಯುವ ಈ ತಟ್ಟೆಯನ್ನು ಯಂತ್ರದಲ್ಲಿಟ್ಟರೆ ಟಿ.ವಿ.ಯಲ್ಲಿ ಸಿನಿಮಾ ಮೂಡುತ್ತಿತ್ತು. ಆಗ ಇವೆರಡಕ್ಕೂ ಸಂಬಂಧವೇನೂ ಇರಲಿಲ್ಲ. ಅಲ್ಲಿ ಮೊದಲಿಗೆ ಮಾರಾಟವಾದ ಸಿನಿಮಾ ತಟ್ಟೆ ‘ಜಾಸ್’ ಚಿತ್ರದ್ದು. ಆದರೆ ಮುಂದಿನ ನಾಲ್ಕು ದಶಕಗಳಲ್ಲಿ ಲೇಸರ್ ಡಿಸ್ಕ್, ಡಿವಿಡಿ, ಬ್ಲೂ-ರೇ, 4ಕೆ ಹೀಗೆ ತಟ್ಟೆಯ ಜಾತಿ ಬದಲಾದಾಗಲೆಲ್ಲ ಸೂಪರ್‌ಮ್ಯಾನ್ ಹೊಸದಾಗಿ ಅಚ್ಚಾಗುತ್ತಲೇ ಬಂದ. ಆ ತಟ್ಟೆಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದರೆ ಅವು ಒಂದೇ ಚಿತ್ರದ ಪ್ರತಿಗಳೆಂದು ನಂಬುವುದೇ ಕಷ್ಟ. ಒಂದರಲ್ಲಿ ನಾಯಕನ ಉಡುಪು ಕಡುನೀಲಿ, ಇನ್ನೊಂದರಲ್ಲಿ ಹಸಿರುಮಿಶ್ರಿತ ನೀಲಿ. ಒಂದರಲ್ಲಿ ಕೇಳುವ ಶಬ್ದ ಇನ್ನೊಂದರಲ್ಲಿಲ್ಲ.

ಹೀಗೇಕಾಗುತ್ತದೆ ಎಂದು ತಿಳಿಯಬೇಕಾದರೆ ಮೂಲ ಚಿತ್ರ ಹೇಗಿತ್ತು ಎಂಬುದನ್ನು ಮೊದಲು ನೋಡಬೇಕು. ‘ಸೂಪರ್‌ಮ್ಯಾನ್’ನ ಛಾಯಾಗ್ರಾಹಕ ಜೆಫ್ರಿ ಅನ್ಸ್‌ವರ್ತ್. ‘2001: ಎ ಸ್ಪೇಸ್ ಒಡಿಸ್ಸಿ’, ‘ಕ್ಯಾಬರೆ’ ಚಿತ್ರಗಳಿಂದ ಹೆಸರಾದ ಈತ ಬೆಳಕನ್ನು ಮಂಜಿನಲ್ಲಿ ಸೋಸಿದಂತೆ ಮೃದುಗೊಳಿಸುವುದರಲ್ಲಿ ಸಿದ್ಧಹಸ್ತ. ಮಸೂರದ ಮುಂದೆ ಶೋಧಕಗಳನ್ನಿಟ್ಟು, ದೀಪದ ಸುತ್ತ ಪ್ರಭಾವಳಿ ಏಳುವಂತೆ ಮಾಡಿ, ಕಾಮಿಕ್ಸ್ ಪುಟದ ನಾಯಕನನ್ನು ಪುರಾಣದ ವ್ಯಕ್ತಿಯಂತೆ ತೋರಿಸಿದ. ಚಿತ್ರ ತೆರೆ ಕಾಣುವ ಮುನ್ನವೇ, 1978ರ ಅಕ್ಟೋಬರ್‌ನಲ್ಲಿ, ಆತ ತೀರಿಕೊಂಡ. ಚಿತ್ರವನ್ನು ಅವನಿಗೇ ಅರ್ಪಿಸಲಾಯಿತು. ಎಂದರೆ, ಈ ಚಿತ್ರದ ಮಬ್ಬು ಒಂದು ದೋಷವಲ್ಲ, ಉದ್ದೇಶ. ಮುಂದೆ ತಟ್ಟೆ ತಯಾರಿಸಿದವರಿಗೆ ತಲೆನೋವಾದದ್ದು ಇದೇ. ಅಂಗಡಿಗೆ ಬಂದ ಗಿರಾಕಿ ಕೇಳುವುದು ಸ್ಫುಟತೆ. ಛಾಯಾಗ್ರಾಹಕ ಬಿಟ್ಟುಹೋದದ್ದು ಮೃದುತ್ವ.

ಹಾರಾಟದ ದೃಶ್ಯಗಳದು ಇನ್ನೊಂದು ಕಥೆ. ಗಣಕಯಂತ್ರ ಚಿತ್ರ ಬರೆಯದ ಕಾಲವದು. ನಟ ಕ್ರಿಸ್ಟೊಫರ್ ರೀವ್‌ನನ್ನು ತಂತಿಗಳಿಂದ ತೂಗುಬಿಟ್ಟು, ಹಿಂದೆ ನೀಲಿ ಪರದೆ ಕಟ್ಟಿ ಚಿತ್ರೀಕರಿಸಿ, ಆಮೇಲೆ ನೀಲಿಯನ್ನು ತೆಗೆದುಹಾಕಿ ಆ ಜಾಗದಲ್ಲಿ ಆಕಾಶವನ್ನು ಕೂಡಿಸುವುದು ಒಂದು ವಿಧಾನ. ಆದರೆ ನಾಯಕನ ಉಡುಪೇ ನೀಲಿ! ಪರದೆಯ ಜೊತೆಗೆ ಅವನ ಮೈಯೂ ಮಾಯವಾಗಿಬಿಡುತ್ತಿತ್ತು. ಅದಕ್ಕಾಗಿ ಇಂಥ ದೃಶ್ಯಗಳಿಗೆ ಹಸಿರು ಬೆರೆತ ನೀಲಿಯ ಉಡುಪು ತೊಡಿಸಿ, ಮುದ್ರಣದ ಹೊತ್ತಿಗೆ ಬಣ್ಣವನ್ನು ಹೊಂದಿಸಿಕೊಳ್ಳಲಾಯಿತು. ಜೋರಾನ್ ಪೆರಿಸಿಕ್ ಎಂಬಾತ ರೂಪಿಸಿದ ‘ಜೋಪ್ಟಿಕ್’ ಇನ್ನೊಂದು ವಿಧಾನ. ನಟನ ಹಿಂದಿನ ಪರದೆಗೆ ದೃಶ್ಯ ಚೆಲ್ಲುವ ಪ್ರೊಜೆಕ್ಟರ್ ಮತ್ತು ಅದನ್ನು ಸೆರೆಹಿಡಿಯುವ ಕ್ಯಾಮರಾ ಎರಡಕ್ಕೂ ಜೂಮ್ ಮಸೂರ ಹಾಕಿ, ಎರಡನ್ನೂ ಒಟ್ಟಿಗೆ ಹಿಗ್ಗಿಸಿ ಕುಗ್ಗಿಸಿದರೆ ಹಿನ್ನೆಲೆ ಇದ್ದಂತೆಯೇ ಇದ್ದು, ನಿಂತಲ್ಲೇ ಇರುವ ನಟ ನಮ್ಮತ್ತ ಹಾರಿಬಂದಂತೆ ಕಾಣುತ್ತಾನೆ. ನೀಲಿ ಪರದೆಯ ದೃಶ್ಯಗಳಲ್ಲಿ ಒಂದು ಫಿಲ್ಮಿನಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ನಕಲಾಗಿ, ಗ್ರೇನ್ ಎಂದು ಕರೆಯುವ ಕಣಕಣದ ನಡುಕ ಮಿಕ್ಕ ದೃಶ್ಯಗಳಿಗಿಂತ ದಟ್ಟವಾಗಿರುತ್ತದೆ. ಚಿತ್ರಮಂದಿರದ ಮುದ್ರಿತ ಪ್ರತಿಯಲ್ಲಿ ಇದೆಲ್ಲ ಒಂದು ಹದಕ್ಕೆ ಬಂದು, ತಂತಿ ಕಾಣದೆ, ಬಣ್ಣ ಬೇರೆಯೆನಿಸದೆ ಸಾಗಿಹೋಗುತ್ತಿತ್ತು. ಮೂಲ ನೆಗೆಟಿವ್‌ಗೆ ಹತ್ತಿರವಾದಷ್ಟೂ ತಟ್ಟೆ ಈ ಗುಟ್ಟುಗಳನ್ನೆಲ್ಲ ರಟ್ಟು ಮಾಡುತ್ತದೆ.

ಮನೆಗೆ ಬಂದ ಮೊದಲ ಸೂಪರ್‌ಮ್ಯಾನ್‌ಗೆ ಇಂಥ ಭಯವೇನೂ ಇರಲಿಲ್ಲ, ಏಕೆಂದರೆ ಅವನ ಪೂರ್ತಿ ಮೈಯೇ ಕಾಣುತ್ತಿರಲಿಲ್ಲ. ಚಿತ್ರ ತೆಗೆದದ್ದು ಅಗಲದ ಪನಾವಿಷನ್ ಚೌಕಟ್ಟಿನಲ್ಲಿ. ಅಲ್ಲಿ ಎತ್ತರದ ಎರಡೂಕಾಲು ಪಟ್ಟಿಗಿಂತಲೂ ಹೆಚ್ಚು ಅಗಲ. ಅಂದಿನ ಟಿ.ವಿ. ಪೆಟ್ಟಿಗೆ ಹೆಚ್ಚುಕಡಿಮೆ ಚೌಕ. ಪೆಟ್ಟಿಗೆ ತುಂಬ ಚಿತ್ರ ಕಾಣಬೇಕೆಂದು ಎರಡೂ ಬದಿ ಕತ್ತರಿಸಿದರೆ ಶೇಕಡ 40ಕ್ಕೂ ಹೆಚ್ಚು ಭಾಗ ಹೊರಗುಳಿಯುತ್ತದೆ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬನ ಮೂಗು, ಇನ್ನೊಬ್ಬನ ಭುಜ ಮಾತ್ರ ಉಳಿದ ಉದಾಹರಣೆಗಳಿಗೆ ಆ ಕಾಲದ ಕ್ಯಾಸೆಟ್ಟುಗಳಲ್ಲಿ ಕೊರತೆಯಿಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಚೌಕಟ್ಟನ್ನು ತೋರಿಸುವ ಪದ್ಧತಿಯನ್ನು ಬೆಳೆಸಿದವರು ಬಹುಮಟ್ಟಿಗೆ ಲೇಸರ್ ಡಿಸ್ಕ್ ಕೊಳ್ಳುತ್ತಿದ್ದ ಹವ್ಯಾಸಿಗಳು. ಕಾಸು ಕೊಟ್ಟು ಕಪ್ಪು ಪಟ್ಟಿ ಕೊಳ್ಳುವುದೇ ಎಂದು ಉಳಿದವರು ನಕ್ಕಿದ್ದೂ ಉಂಟು.

ಭಾರತದವರು ಈ ಕಥೆಯಲ್ಲಿ ಬರುವುದು ಪಾಲ್ ಎಂಬ ಟಿ.ವಿ. ಪದ್ಧತಿಯ ಮೂಲಕ. ಯುರೋಪಿನ ಹಲವು ದೇಶಗಳಂತೆ ನಮ್ಮಲ್ಲಿಯೂ ಆ ಕಾಲದ ಟಿ.ವಿ. ಸೆಕೆಂಡಿಗೆ 25 ಚೌಕಟ್ಟುಗಳನ್ನು ತೋರಿಸುತ್ತಿತ್ತು. ಸಿನಿಮಾ ಓಡುವುದು 24ರ ವೇಗದಲ್ಲಿ. ಸರಳ ಉಪಾಯವೆಂದರೆ ಸಿನಿಮಾವನ್ನೇ ತುಸು ಬೇಗ ಓಡಿಸುವುದು. ಹಾಗೆ ಮಾಡಿದರೆ 143 ನಿಮಿಷಗಳ ‘ಸೂಪರ್‌ಮ್ಯಾನ್’ ಸುಮಾರು 137 ನಿಮಿಷಗಳಿಗೆ ಮುಗಿಯುತ್ತದೆ. ಆರು ನಿಮಿಷ ಕಳೆದದ್ದು ಕಣ್ಣಿಗೆ ತಿಳಿಯದು. ಆದರೆ ಕಿವಿ? ಶ್ರುತಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಜಾನ್ ವಿಲಿಯಮ್ಸ್ ರಚಿಸಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ ಆ ಹೆಸರಾಂತ ನಡೆಗೀತ, ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ದೂರದ ಮುಕ್ಕಾಲು ಪಾಲಿನಷ್ಟು ಮೇಲೇರಿಬಿಡುತ್ತದೆ. ಶ್ರುತಿಜ್ಞಾನ ಉಳ್ಳವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ನಮ್ಮಲ್ಲಿ ಮನೆಮನೆಗೂ ಹಬ್ಬಿದ ವಿಸಿಡಿಯ ಮಾತಂತೂ ಬೇಡ. ಡಿವಿಡಿಯ ಚಿತ್ರದಲ್ಲಿರುವ ಚುಕ್ಕೆಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ ಅದರಲ್ಲಿತ್ತು. ಒಂದು ತಟ್ಟೆಗೆ 74 ನಿಮಿಷ. ನಾಯಕ ನೆಲ ಬಿಟ್ಟು ಏಳುವ ಹೊತ್ತಿಗೆ ಪ್ರೇಕ್ಷಕನೂ ಎದ್ದು ತಟ್ಟೆ ಬದಲಿಸಬೇಕಿತ್ತು.

ನಿಜವಾದ ಜಗಳ ಎದ್ದದ್ದು ಡಿವಿಡಿಯ ಕಾಲಕ್ಕೆ, ಅದೂ ಚಿತ್ರದ ಬಗ್ಗೆ ಅಲ್ಲ, ಶಬ್ದದ ಬಗ್ಗೆ. 1978ರಲ್ಲಿ ದೊಡ್ಡ ಚಿತ್ರಮಂದಿರಗಳಿಗೆ ಹೋದ 70 ಎಂ.ಎಂ. ಪ್ರತಿಗಳಲ್ಲಿ ಆರು ಕಾಂತೀಯ ಧ್ವನಿಪಟ್ಟಿಗಳಿದ್ದವು. ಶೀರ್ಷಿಕೆಯ ಅಕ್ಷರಗಳು ನೀಲಿ ಬೆಳಕಿನ ಗೆರೆಗಳಾಗಿ ಸುಯ್ಯನೆ ನುಗ್ಗಿಬರುವುದನ್ನು ಅಂಥ ಮಂದಿರದಲ್ಲಿ ಕೇಳಿದವರು ಮರೆಯಲಾರರು. 2001ರಲ್ಲಿ ಡಿವಿಡಿ ತಯಾರಾದಾಗ ಚಿತ್ರವನ್ನು 151 ನಿಮಿಷಗಳಿಗೆ ಬೆಳೆಸಿ, ಶಬ್ದವನ್ನು 5.1 ಪದ್ಧತಿಗೆ ಹೊಸದಾಗಿ ಸಂಯೋಜಿಸಲಾಯಿತು. ಮುಂದೆ ಮೂರು, ಹಿಂದೆ ಎರಡು ಧ್ವನಿವರ್ಧಕಗಳು. ಆ ‘ಪಾಯಿಂಟ್ ಒಂದು’ ಎಂಬುದು ಎದೆ ನಡುಗಿಸುವ ಮಂದ್ರ ಶಬ್ದಕ್ಕೆ ಮೀಸಲಾದ ವಾಹಿನಿ. ಸಂಗೀತ ಹಿಂದೆಂದೂ ಕೇಳದಷ್ಟು ಸ್ವಚ್ಛವಾಗಿ ಕೇಳಿಸಿತು. ಆದರೆ ಹಳೆಯ ಪರಿಣಾಮ ಶಬ್ದಗಳಲ್ಲಿ ಅನೇಕವನ್ನು ತೆಗೆದು ಹೊಸದಾಗಿ ಮಾಡಿದ ಶಬ್ದಗಳನ್ನು ಜೋಡಿಸಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಚಿತ್ರವನ್ನು ಕಿವಿಯಲ್ಲಿ ಇಟ್ಟುಕೊಂಡವರಿಗೆ ಪರಿಚಿತ ಮುಖದ ಮೇಲೆ ಬೇರೆಯವನ ದನಿ ಕೂರಿಸಿದಂತಾಯಿತು. 2006ರಲ್ಲಿ ನಾಲ್ಕು ತಟ್ಟೆಗಳ ಸಂಪುಟದಲ್ಲಿ ಮೂಲ ಆವೃತ್ತಿ ಹಳೆಯ ಎರಡು ವಾಹಿನಿಯ ಶಬ್ದದೊಂದಿಗೆ ಮರಳಿ ಬಂದಾಗಲೇ ಅವರಿಗೆ ಸಮಾಧಾನ.

ಈ ಜಗಳವನ್ನು ಹುಚ್ಚು ಅಭಿಮಾನ ಎಂದು ತಳ್ಳಿಹಾಕುವುದು ಸರಿಯಲ್ಲ. ಶಬ್ದಗ್ರಹಣಕ್ಕಾಗಿ ಆಸ್ಕರ್‌ಗೆ ನಾಮಕರಣಗೊಂಡಿದ್ದ ಚಿತ್ರ ಇದು. ಆ ಪ್ರಶಸ್ತಿಯ ಪಟ್ಟಿಗೆ ಏರಿದ್ದು ಯಾವ ಶಬ್ದವೋ ಅದನ್ನು ಕೇಳಿಸುವ ತಟ್ಟೆ ಸಿಗದಿದ್ದರೆ ಮುಂದಿನ ತಲೆಮಾರು ಏನನ್ನು ಕೇಳಿ ತೀರ್ಮಾನಿಸಬೇಕು?

2006ರಲ್ಲಿ ಬ್ಲೂ-ರೇ ಬಂತು. ತೋಷಿಬಾದ ಎಚ್‌ಡಿ ಡಿವಿಡಿ ಅದರೊಂದಿಗೆ ಸೆಣಸಿ 2008ರಲ್ಲಿ ಸೋತ ಕಥೆ ಇಲ್ಲಿ ಅಗತ್ಯವಿಲ್ಲ. ಗಮನಿಸಬೇಕಾದದ್ದು, ಚಿತ್ರದ ಸೂಕ್ಷ್ಮತೆ ಒಮ್ಮೆಗೇ ಐದಾರು ಪಟ್ಟು ಏರಿ ಗ್ರೇನ್ ಕಣ್ಣಿಗೆ ಬೀಳತೊಡಗಿತು ಎಂಬುದು. ಹೊಸ ಟಿ.ವಿ. ಕೊಂಡವರು ಇದನ್ನು ಕೊಳೆ ಎಂದೇ ಭಾವಿಸಿದರು. ಕೆಲವು ಸಂಸ್ಥೆಗಳು ಗಣಕಯಂತ್ರದಿಂದ ಕಣಗಳನ್ನು ಒರೆಸಿಹಾಕಿದವು. ಅಡಚಣೆಯೆಂದರೆ ಯಂತ್ರಕ್ಕೆ ಕಣ ಯಾವುದು, ಚರ್ಮದ ರಂಧ್ರ ಯಾವುದು, ಬಟ್ಟೆಯ ನೂಲು ಯಾವುದು ತಿಳಿಯದು. ಎಲ್ಲವನ್ನೂ ಒಟ್ಟಿಗೆ ಒರೆಸಿದಾಗ ನಟರು ಮೇಣದ ಬೊಂಬೆಗಳಾಗುತ್ತಾರೆ. ಆಮೇಲೆ ಕಳೆದ ಸ್ಫುಟತೆ ಮರಳಲೆಂದು ಅಂಚುಗಳನ್ನು ಕೃತಕವಾಗಿ ತೀಡಿದರೆ ಕಪ್ಪು ಉಡುಪಿನ ಸುತ್ತ ಬಿಳಿ ಗೆರೆ ಏಳುತ್ತದೆ. ಗ್ರೇನ್ ಎನ್ನುವುದು ಫಿಲ್ಮಿನ ಮೇಲೆ ಕೂತ ಧೂಳಲ್ಲ, ಚಿತ್ರ ಮೂಡಿರುವುದೇ ಆ ಕಣಗಳಿಂದ. ‘ಸೂಪರ್‌ಮ್ಯಾನ್’ನ 2018ರ 4ಕೆ ತಟ್ಟೆ ಅನ್ಸ್‌ವರ್ತ್‌ನ ಮೃದುತ್ವವನ್ನೂ ಕಣಗಳನ್ನೂ ಇದ್ದಂತೆಯೇ ಬಿಟ್ಟದ್ದು ಅದರ ದೊಡ್ಡ ಗುಣ. ಹೆಚ್ಚು ಸ್ಫುಟವಾಗಿ ಕಾಣದ ಈ ತಟ್ಟೆಯೇ ಹೆಚ್ಚು ನಿಜವಾದದ್ದು.

ಬ್ಯಾಟ್‌ಮ್ಯಾನ್‌ನ ಕಷ್ಟ ಬೇರೆ. ಅವನು ಕತ್ತಲೆಯ ಪ್ರಾಣಿ. ಟಿಮ್ ಬರ್ಟನ್‌ನ 1989ರ ಚಿತ್ರದಲ್ಲಿ ಕಪ್ಪು ರಾತ್ರಿ, ಕಪ್ಪು ಬೀದಿ, ಅದರ ಮೇಲೆ ಕಪ್ಪು ಉಡುಪಿನ ನಾಯಕ. ಕ್ಯಾಸೆಟ್ಟಿನಲ್ಲಿ ಇದೆಲ್ಲ ಮಸಿಯ ಮುದ್ದೆ. ಡಿವಿಡಿ ಮತ್ತು ಬ್ಲೂ-ರೇಗಳಲ್ಲಿ ಪ್ರತಿ ಬಣ್ಣಕ್ಕೆ ಹೆಚ್ಚೆಂದರೆ 256 ಮೆಟ್ಟಿಲು; ಕಪ್ಪಿನಿಂದ ಬೂದುಬಣ್ಣಕ್ಕೆ ಏರುವ ಮಂಜಿನಲ್ಲಿ ಆ ಮೆಟ್ಟಿಲುಗಳು ಪಟ್ಟೆಪಟ್ಟೆಯಾಗಿ ಕಣ್ಣಿಗೆ ಕಾಣುತ್ತವೆ. 2016ರಲ್ಲಿ ಬಂದ 4ಕೆ ತಟ್ಟೆಯಲ್ಲಿ ಮೆಟ್ಟಿಲು 1024. ಜೊತೆಗೆ ಎಚ್‌ಡಿಆರ್ ತಂತ್ರದಿಂದ ಕತ್ತಲೆಗೂ ದೀಪಕ್ಕೂ ನಡುವಿನ ಅಂತರ ಹಿಗ್ಗಿತು. ನಾಲ್ಕು ಪಟ್ಟು ಚುಕ್ಕೆಗಳೆಂದು ಜಾಹೀರಾತು ಸಾರುತ್ತದೆಯಾದರೂ, ಮಾಮೂಲಿ ಗಾತ್ರದ ಟಿ.ವಿ. ಮುಂದೆ ಕುಳಿತವನಿಗೆ ನಿಜವಾಗಿ ಕಾಣುವ ಲಾಭ ಈ ಕತ್ತಲೆಯದು.

2008ರ ‘ದಿ ಡಾರ್ಕ್ ನೈಟ್’ ಇನ್ನೊಂದು ತೊಡಕನ್ನು ತಂದಿತು. ನಿರ್ದೇಶಕ ಕ್ರಿಸ್ಟೊಫರ್ ನೋಲನ್ ಅದರ ಸುಮಾರು 28 ನಿಮಿಷಗಳನ್ನು ಐಮ್ಯಾಕ್ಸ್ ಕ್ಯಾಮರಾದಲ್ಲಿ ತೆಗೆದಿದ್ದ. ಅದರ ಚೌಕಟ್ಟು ಬಹುತೇಕ ಹಳೆಯ ಟಿ.ವಿ.ಯಂತೆಯೇ ಎತ್ತರ. ಬ್ಲೂ-ರೇಯಲ್ಲಿ ಆ ದೃಶ್ಯಗಳು ಬಂದಾಗ ಕಪ್ಪು ಪಟ್ಟಿ ಮಾಯವಾಗಿ ತೆರೆ ತುಂಬುತ್ತದೆ, ಮುಗಿದಾಗ ಪಟ್ಟಿ ಮರಳುತ್ತದೆ. ಹಾಗೆಂದು ಐಮ್ಯಾಕ್ಸ್ ಪೂರ್ತಿ ಸಿಕ್ಕಿತೆ? ಇಲ್ಲ, ಇಂದಿನ ಅಗಲದ ಟಿ.ವಿ.ಗೆ ಹೊಂದಿಸಲು ಈಗ ಮೇಲೂ ಕೆಳಗೂ ಕತ್ತರಿ ಬಿದ್ದಿತು. ಹಿಂದೆ ಅಗಲ ಹೋಗಿತ್ತು, ಈಗ ಎತ್ತರ.

ಮಾರ್ವೆಲ್ ಸಂಸ್ಥೆಯ ಚಿತ್ರಗಳು ಫಿಲ್ಮನ್ನು ಬಿಟ್ಟು ಡಿಜಿಟಲ್ ಕ್ಯಾಮರಾ ಹಿಡಿದವು. ಇಲ್ಲಿ ಗ್ರೇನ್ ತೊಂದರೆಯಿಲ್ಲ, ಆದರೆ ‘4ಕೆ’ ಎಂಬ ಮುದ್ರೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಗಣಕದ ದೃಶ್ಯಚಮತ್ಕಾರಗಳಿಗೆ ಹಿಡಿಯುವ ಖರ್ಚು ಮತ್ತು ಕಾಲದಿಂದಾಗಿ ಇವುಗಳಲ್ಲಿ ಹೆಚ್ಚಿನವು ಸಿದ್ಧಗೊಂಡದ್ದು 2ಕೆ ಮಟ್ಟದಲ್ಲಿ. ತಟ್ಟೆಗಾಗಿ ಅದನ್ನೇ ಹಿಗ್ಗಿಸಲಾಗುತ್ತದೆ. ಶಬ್ದದ ದೂರು ಇನ್ನೂ ವಿಚಿತ್ರ. ‘ಥಾರ್: ರಾಗ್ನರಾಕ್’ ಮೊದಲಾದ ಡಿಸ್ನಿಯ ತಟ್ಟೆಗಳಲ್ಲಿ ಧ್ವನಿಮಟ್ಟ ಕೆಳಗಿದೆ, ಗುಡುಗಬೇಕಾದಲ್ಲಿ ಗುಡುಗುವುದಿಲ್ಲ ಎಂದು ವಿಮರ್ಶಕರು ಮತ್ತೆ ಮತ್ತೆ ಬರೆದರು. ಸ್ಫೋಟವನ್ನು ತಗ್ಗಿಸಿ ಪಿಸುಮಾತನ್ನು ಎತ್ತಿದರೆ ಟಿ.ವಿ.ಯ ಸಣ್ಣ ಧ್ವನಿವರ್ಧಕಕ್ಕೂ, ಗೋಡೆಯಾಚೆಯ ನೆರೆಯವರಿಗೂ ಅನುಕೂಲ ಎಂಬುದೇನೋ ಸರಿ. ಆದರೆ ಸಾಲ ಮಾಡಿ ಆರೇಳು ಧ್ವನಿವರ್ಧಕ ಕೊಂಡವನಿಗೆ?

ಇಂಟರ್‌ನೆಟ್ ಮೂಲಕ ಹರಿದುಬರುವ ಸಿನಿಮಾ ಈ ಲೆಕ್ಕವನ್ನು ಮತ್ತೆ ಕಲಕಿದೆ. ಅದರಲ್ಲಿ ಸೆಕೆಂಡಿಗೆ ಸಾಮಾನ್ಯವಾಗಿ ಸಿಗುವ ಮಾಹಿತಿ 4ಕೆ ತಟ್ಟೆಯ ಮೂರನೆಯ ಒಂದು ಪಾಲೋ ಇನ್ನೂ ಕಡಿಮೆಯೋ. ಮಳೆ, ಹೊಗೆ, ಕತ್ತಲೆ ಬಂದಾಗ ಕೊರತೆ ಎದ್ದು ಕಾಣುತ್ತದೆ. ಆದರೂ 2021ರ ನವೆಂಬರ್‌ನಲ್ಲಿ ಡಿಸ್ನಿ ತನ್ನ ಸ್ಟ್ರೀಮಿಂಗ್ ಸೇವೆಯಲ್ಲಿ 13 ಮಾರ್ವೆಲ್ ಚಿತ್ರಗಳನ್ನು ಐಮ್ಯಾಕ್ಸ್‌ನ ಎತ್ತರದ ಚೌಕಟ್ಟಿನಲ್ಲಿ ಕೊಟ್ಟಿತು. ‘ಅವೆಂಜರ್ಸ್: ಎಂಡ್‌ಗೇಮ್’ನ ತಟ್ಟೆ ಕೊಂಡವರ ಬಳಿ ಇರುವುದು ಅಗಲದ ಚೌಕಟ್ಟು, ಕಾಲು ಭಾಗದಷ್ಟು ಹೆಚ್ಚಿನ ಚಿತ್ರ ಇರುವುದು ಚಂದಾದಾರರಿಗೆ. ಒಬ್ಬನಿಗೆ ಒಳ್ಳೆಯ ಬಣ್ಣ, ಇನ್ನೊಬ್ಬನಿಗೆ ಪೂರ್ತಿ ಚೌಕಟ್ಟು. ಚಂದಾದಾರನ ಪ್ರತಿಯನ್ನು ಸಂಸ್ಥೆ ಯಾವ ರಾತ್ರಿ ಬೇಕಾದರೂ ಬದಲಿಸಬಹುದು, ತೆಗೆಯಲೂಬಹುದು. ಕಪಾಟಿನಲ್ಲಿರುವ ತಟ್ಟೆಯ ತಪ್ಪುಗಳು ಕಪಾಟಿನಲ್ಲಿಯೇ ಇರುತ್ತವೆ.

ಆ ಕಪಾಟೂ ಈಗ ಕಿರಿದಾಗುತ್ತಿದೆ. ಸ್ಯಾಮ್‌ಸಂಗ್ 2019ರಲ್ಲಿ ಹೊಸ ಬ್ಲೂ-ರೇ ಯಂತ್ರಗಳನ್ನು ಅಮೆರಿಕದ ಮಾರುಕಟ್ಟೆಗೆ ತರುವುದನ್ನು ಕೈಬಿಟ್ಟಿತು; ಅಲ್ಲಿನ ದೊಡ್ಡ ಮಳಿಗೆಯಾದ ಬೆಸ್ಟ್ ಬೈ 2024ರಲ್ಲಿ ಸಿನಿಮಾ ತಟ್ಟೆಗಳ ಮಾರಾಟ ನಿಲ್ಲಿಸಿತು. ಲೇಸರ್ ಡಿಸ್ಕ್ ಯಂತ್ರದ ತಯಾರಿಕೆಯನ್ನು ಪಯೊನೀರ್ ಸಂಸ್ಥೆ 2009ರಲ್ಲೇ ಕೈಬಿಟ್ಟಿತ್ತು. ಆದರೂ 2001ಕ್ಕೆ ಮುಂಚಿನ ‘ಸೂಪರ್‌ಮ್ಯಾನ್’ ಲೇಸರ್ ಡಿಸ್ಕಿಗೆ ಬೆಲೆ ಉಂಟು, ತಿದ್ದುಪಡಿಯಾಗದ ಹಳೆಯ ಶಬ್ದ ಅದರಲ್ಲಿದೆ ಎಂಬ ಕಾರಣಕ್ಕೆ. ಎರಡು ಪದರಗಳನ್ನು ಅಂಟಿನಿಂದ ಕೂಡಿಸಿ ಮಾಡಿದ ತಟ್ಟೆ ಅದು. ಅಂಟು ಸಡಿಲವಾದ ಕಡೆ ಗಾಳಿಯಾಡಿ ಒಳಗಿನ ಅಲ್ಯೂಮಿನಿಯಂ ಲೇಪ ಕೆಡುತ್ತದೆ. ಮೊದಲು ತೆರೆಯ ಮೇಲೆ ಚುಕ್ಕೆಗಳು ಮಿನುಗುತ್ತವೆ, ಆಮೇಲೆ ಶಬ್ದ ಸಿಡಿಯತೊಡಗುತ್ತದೆ. ಸಂಗ್ರಾಹಕರು ಅಷ್ಟರೊಳಗೆ ಆ ಶಬ್ದವನ್ನು ಗಣಕಕ್ಕೆ ಇಳಿಸಿಕೊಳ್ಳುವ ಅವಸರದಲ್ಲಿದ್ದಾರೆ.