ಭತ್ತದ ಗದ್ದೆ ಮತ್ತು ಮಿದುಳು ಜ್ವರ

ನಾಟಿ ಮುಗಿದು ಗದ್ದೆಗಳಲ್ಲಿ ನೀರು ನಿಂತ ಎರಡು ಮೂರು ವಾರಗಳಲ್ಲಿ ಸಂಜೆಯ ಸೊಳ್ಳೆ ಕಾಟ ಹೆಚ್ಚುವುದು ನೀರಾವರಿ ಪ್ರದೇಶದ ರೈತರಿಗೆಲ್ಲ ತಿಳಿದ ವಿಷಯ. ಈ ಸೊಳ್ಳೆಗಳಲ್ಲಿ ಕೆಲವು ಜಾತಿಯವು ಜಪಾನೀ ಮಿದುಳು ಜ್ವರವೆಂಬ ಭೀಕರ ರೋಗವನ್ನು ಹರಡುತ್ತವೆ. ಬೆಳೆಗಳ ಬಗ್ಗೆ ಬರೆಯುವ ಪುಟಗಳಲ್ಲಿ ಮನುಷ್ಯರ ರೋಗಕ್ಕೇನು ಕೆಲಸ ಎಂದು ಕೆಲವರು ಕೇಳಬಹುದು. ಈ ಸೊಳ್ಳೆ ಹೆಚ್ಚಾಗಿ ಹುಟ್ಟುವುದೇ ಗದ್ದೆಯ ನೀರಿನಲ್ಲಿ. ಆ ನೀರನ್ನು ಕಟ್ಟುವವನೂ ಬಿಡುವವನೂ ರೈತನೇ.

ರೋಗಕಾರಕ ವೈರಸ್ಸನ್ನು 1935ರಲ್ಲಿ ಜಪಾನಿನಲ್ಲಿ ಬೇರ್ಪಡಿಸಲಾಯಿತು. ಭಾರತದಲ್ಲಿ ಮೊದಲ ರೋಗಿಗಳನ್ನು 1955ರಲ್ಲಿ ವೆಲ್ಲೂರಿನಲ್ಲಿ ಗುರುತಿಸಲಾಯಿತು. 1973ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೋಗ ವ್ಯಾಪಕವಾಗಿ ಕಾಣಿಸಿಕೊಂಡಿತು. 2005ರಲ್ಲಿ ಗೋರಖಪುರದ ಸುತ್ತಲಿನ ಭತ್ತದ ಸೀಮೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಕರ್ನಾಟಕಕ್ಕೂ ಇದು ಹೊಸದಲ್ಲ. 1980ರ ದಶಕದ ಆರಂಭದಲ್ಲಿ ಕೋಲಾರದಲ್ಲಿ ದೊರೆತ ವೈರಸ್ಸಿನಿಂದಲೇ 2013ರಲ್ಲಿ ದೇಶೀಯ ಲಸಿಕೆಯೊಂದನ್ನು ಸಿದ್ಧಪಡಿಸಲಾಯಿತು.

ರೋಗ ಹರಡುವ ಬಗೆ

ಈ ವೈರಸ್ಸಿನ ನಿಜವಾದ ನೆಲೆ ಬೆಳ್ಳಕ್ಕಿ, ಬಕ ಮೊದಲಾದ ನೀರುಹಕ್ಕಿಗಳು ಮತ್ತು ಹಂದಿ. ಹಂದಿಯ ರಕ್ತದಲ್ಲಿ ವೈರಸ್ ಹೇರಳವಾಗಿ ವೃದ್ಧಿಯಾಗುತ್ತದೆ. ಹಾಗಿದ್ದರೂ ಬೆಳೆದ ಹಂದಿಯಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. ಗಬ್ಬದ ಹಂದಿ ಕಂದು ಹಾಕಬಹುದು ಅಥವಾ ಸತ್ತ ಮರಿ ಈಯಬಹುದು. ಕ್ಯೂಲೆಕ್ಸ್ ಗುಂಪಿನ ಸೊಳ್ಳೆಗಳು ಹಂದಿಯ ರಕ್ತ ಹೀರಿ, ಕೆಲವು ದಿನಗಳ ನಂತರ ಮನುಷ್ಯರನ್ನು ಕಚ್ಚಿದಾಗ ರೋಗ ಅಂಟುತ್ತದೆ. ದನ ಎಮ್ಮೆಗಳಲ್ಲಿ ವೈರಸ್ ಅಷ್ಟಾಗಿ ಬೆಳೆಯುವುದಿಲ್ಲ. ಮನುಷ್ಯರ ರಕ್ತದಲ್ಲೂ ಸೊಳ್ಳೆಗೆ ಸೋಂಕು ತಗಲುವಷ್ಟು ವೈರಸ್ ಇರುವುದಿಲ್ಲ. ಆದ್ದರಿಂದ ರೋಗಿಯನ್ನು ಮುಟ್ಟಿದರೆ, ಜೊತೆಯಲ್ಲಿ ಉಂಡರೆ ರೋಗ ಬರುವುದಿಲ್ಲ. ಕಾಯಿಲೆ ಬಿದ್ದ ಮಗುವಿನ ಮನೆಯನ್ನು ಊರವರು ದೂರವಿಡುವುದು ಅರ್ಥವಿಲ್ಲದ ಮಾತು.

ಮಿದುಳಿನಲ್ಲಿ ಆಗುವುದೇನು?

ಸೋಂಕು ತಗಲಿದವರೆಲ್ಲರೂ ಕಾಯಿಲೆ ಬೀಳುವುದಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ತೀವ್ರ ರೋಗ ಬರುತ್ತದೆ. ಅಂಥವರಲ್ಲಿ ವೈರಸ್ ರಕ್ತದ ಮೂಲಕ ಮಿದುಳನ್ನು ಸೇರಿ ನರಕೋಶಗಳ ಒಳಗೇ ಬೆಳೆಯುತ್ತದೆ. ಮಿದುಳಿನ ನಡುಭಾಗದಲ್ಲಿರುವ ಥಲಾಮಸ್, ಚಲನೆಯನ್ನು ಹದದಲ್ಲಿಡುವ ನರಗಂಟುಗಳು ಮತ್ತು ಉಸಿರಾಟವನ್ನು ನಿಯಂತ್ರಿಸುವ ಮಿದುಳ ಕಾಂಡ ಹೆಚ್ಚು ಹಾನಿಗೊಳಗಾಗುತ್ತವೆ. ವೈರಸ್ಸನ್ನು ಎದುರಿಸಲು ಬಂದ ರಕ್ತದ ಬಿಳಿಕಣಗಳು ರಕ್ತನಾಳಗಳ ಸುತ್ತ ಕವಿದುಕೊಳ್ಳುತ್ತವೆ, ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆ ಗಟ್ಟಿಯಾದುದರಿಂದ ಊತಕ್ಕೆ ಜಾಗವಿಲ್ಲದೆ ಒತ್ತಡ ಏರುತ್ತದೆ. ಫಿಟ್ಸ್, ಪ್ರಜ್ಞೆ ತಪ್ಪುವುದು, ಉಸಿರು ಕೆಡುವುದು ಇವೆಲ್ಲ ಇದರ ಪರಿಣಾಮ. ಬೆಂಕಿರೋಗ ಬಿದ್ದ ಪೈರು ಮತ್ತೆ ತೆಂಡೆ ಒಡೆದು ಚೇತರಿಸಿಕೊಳ್ಳುವುದುಂಟು, ಆದರೆ ಸತ್ತ ನರಕೋಶ ಹಾಗೆ ಮತ್ತೆ ಚಿಗುರುವುದಿಲ್ಲ.

ರೋಗಲಕ್ಷಣಗಳು

ಸೊಳ್ಳೆ ಕಚ್ಚಿದ 4ರಿಂದ 14 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ವಾಂತಿ ತೋರುತ್ತವೆ. ಚಿಕ್ಕ ಮಕ್ಕಳು ಹೊಟ್ಟೆನೋವು ಎನ್ನಬಹುದು. ನಂತರ ಕುತ್ತಿಗೆ ಬಿಗಿಯುತ್ತದೆ, ಫಿಟ್ಸ್ ಬರುತ್ತದೆ, ಮಗು ಮಂಕಾಗುತ್ತದೆ. ಕೆಲವರಲ್ಲಿ ಮುಖ ಭಾವವಿಲ್ಲದೆ ಮುಖವಾಡದಂತಾಗಿ ಕೈಕಾಲು ನಡುಗುತ್ತವೆ.

ಇನ್ನು ಕೆಲವರಲ್ಲಿ ಮೊದಲು ಎದ್ದು ಕಾಣುವುದು ನಡವಳಿಕೆಯ ಬದಲಾವಣೆ. ರೋಗಿ ತನ್ನವರ ಗುರುತು ಹಿಡಿಯುವುದಿಲ್ಲ. ಬಡಬಡಿಸುತ್ತಾನೆ, ಕಿರುಚುತ್ತಾನೆ, ಹೊಡೆಯಲು ಬರುತ್ತಾನೆ. ಇಲ್ಲಿಯೇ ಅನೇಕ ಕುಟುಂಬಗಳು ದಾರಿ ತಪ್ಪುವುದು. ಗಾಳಿ ಸೋಕಿದೆ, ಹುಚ್ಚು ಹಿಡಿದಿದೆ ಎಂದು ಯಂತ್ರ ಕಟ್ಟಿಸುವುದರಲ್ಲಿ ಎರಡು ದಿನ ಕಳೆದರೆ ಆ ಎರಡು ದಿನ ಮತ್ತೆ ಸಿಗುವುದಿಲ್ಲ. ಜ್ವರದ ಜೊತೆಗೆ ಬುದ್ಧಿ ಕದಡಿದರೆ ಅದು ಮಿದುಳಿನ ರೋಗವೆಂದೇ ತಿಳಿದು ತಡವಿಲ್ಲದೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಫಿಟ್ಸ್ ತಡೆಯುವುದು, ಮಿದುಳಿನ ಒತ್ತಡ ಇಳಿಸುವುದು, ಉಸಿರಾಟಕ್ಕೆ ನೆರವಾಗುವುದು ಆಸ್ಪತ್ರೆಯಲ್ಲಿ ಸಾಧ್ಯ. ತೀವ್ರ ರೋಗಿಗಳಲ್ಲಿ ನೂರಕ್ಕೆ 30ರವರೆಗೂ ಸಾವು ಸಂಭವಿಸುತ್ತದೆ. ಉಳಿದವರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನರಿಗೆ ಕೈಕಾಲಿನ ದೌರ್ಬಲ್ಯ, ಬುದ್ಧಿಮಾಂದ್ಯ, ಫಿಟ್ಸ್ ಅಥವಾ ಮುಂಗೋಪ ಶಾಶ್ವತವಾಗಿ ಉಳಿಯುತ್ತದೆ.

ಗದ್ದೆಯಲ್ಲಿ ಕೈಗೊಳ್ಳಬೇಕಾದ ಕ್ರಮ

ಬೆಚ್ಚಗಿನ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ರೆಕ್ಕೆ ಬಲಿತ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಅಷ್ಟರೊಳಗೆ ನೀರು ಇಂಗಿ ನೆಲ ಬರಿದಾದರೆ ಮರಿಗಳು ಸಾಯುತ್ತವೆ. ನೀರು ಕಟ್ಟಿ ಆರಿಸುವ ಪದ್ಧತಿಯ ಲಾಭ ಇದೇ. ನಾಟಿ ಮಾಡಿದ ಎರಡು ವಾರಗಳ ನಂತರ, ಬೇರು ಹಿಡಿದ ಮೇಲೆ ಇದನ್ನು ಆರಂಭಿಸಬಹುದು. ತೂತು ಕೊರೆದ ಒಂದು ಕೊಳವೆಯನ್ನು ಗದ್ದೆಯಲ್ಲಿ ಹೂಳಿ, ಒಳಗಿನ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನೀರು ಕಟ್ಟಬೇಕು. ಹೂ ಬಿಡುವುದಕ್ಕೆ ಒಂದು ವಾರ ಮುಂಚಿನಿಂದ ಒಂದು ವಾರ ನಂತರದವರೆಗೆ ಮಾತ್ರ ಆರಗೊಡಬಾರದು, ಕಾಳು ಜೊಳ್ಳಾಗುತ್ತದೆ. ಕಪ್ಪು ಎರೆಭೂಮಿಯಲ್ಲಿ ಬಿರುಕು ಬಿಡುವಷ್ಟು ಒಣಗಿಸಿದರೆ ಮುಂದೆ ಕಟ್ಟಿದ ನೀರೆಲ್ಲ ಬಿರುಕಿಗೇ ಹೋಗುವುದರಿಂದ ಹದ ನೋಡಿಕೊಳ್ಳಬೇಕು. ಕಳೆ ಸ್ವಲ್ಪ ಹೆಚ್ಚುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಪ್ರಯೋಜನವಿಲ್ಲ.

ಒಬ್ಬ ರೈತ ಆರಿಸಿ ಪಕ್ಕದವನು ನೀರು ನಿಲ್ಲಿಸಿದರೆ ಫಲ ಕಡಿಮೆ. ಒಂದು ತೂಬಿನ ಕೆಳಗಿನವರೆಲ್ಲರೂ ಸರದಿಯಂತೆ ಒಟ್ಟಿಗೆ ನಡೆಯಬೇಕು. ಇದರಿಂದ ಕಾಲುವೆಯ ಕೊನೆಯವರಿಗೂ ನೀರು ತಲುಪುತ್ತದೆ.

ಯೂರಿಯಾ ಕೊಟ್ಟ ನಂತರ ಗದ್ದೆಯಲ್ಲಿ ಸೊಳ್ಳೆಮರಿಗಳು ಹೆಚ್ಚುವುದು ತಮಿಳುನಾಡಿನ ಅಧ್ಯಯನಗಳಲ್ಲಿ ಕಂಡುಬಂದಿದೆ. ಶಿಫಾರಸಿಗಿಂತ ಹೆಚ್ಚು ಹಾಕುವವರು ಸೊಳ್ಳೆಗೂ ಗೊಬ್ಬರ ಹಾಕಿದಂತೆಯೇ. ಬೇವಿನ ಹಿಂಡಿ ಬೆರೆಸಿದ ಯೂರಿಯಾ ಮರಿಗಳನ್ನು ತಗ್ಗಿಸಿದೆ. ಅಗತ್ಯವಿಲ್ಲದೆ ಕೀಟನಾಶಕ ಸಿಂಪಡಿಸಿದರೆ ಸೊಳ್ಳೆಮರಿ ತಿನ್ನುವ ನೀರುಹುಳುಗಳು ಸತ್ತು, ಕೆಲವೇ ದಿನಗಳಲ್ಲಿ ಸೊಳ್ಳೆ ಮೊದಲಿಗಿಂತ ಹೆಚ್ಚಾಗಬಹುದು.

ಹಂದಿ ಸಾಕುವವರ ಜೀವನಕ್ಕೆ ಕುತ್ತು ತರಬೇಕಾಗಿಲ್ಲ. ಗೂಡುಗಳನ್ನು ವಾಸದ ಮನೆಗಳಿಂದ ದೂರವಿಟ್ಟು, ಸಂಜೆಯ ನಂತರ ಸೊಳ್ಳೆಪರದೆ ಬಿಗಿದರೆ ಅಪಾಯ ಕಡಿಮೆಯಾಗುತ್ತದೆ. ಮಕ್ಕಳೂ ಸೊಳ್ಳೆಪರದೆಯೊಳಗೆ ಮಲಗಬೇಕು.

ಇವೆಲ್ಲಕ್ಕಿಂತ ಭದ್ರವಾದುದು ಲಸಿಕೆ. 2006ರಲ್ಲಿ ದೇಶದಲ್ಲಿ ಈ ಲಸಿಕಾ ಕಾರ್ಯಕ್ರಮ ಆರಂಭವಾದಾಗ ಮೊದಲು ಆಯ್ದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 2022ರ ಡಿಸೆಂಬರಿನಲ್ಲಿ ರಾಜ್ಯದ ಇನ್ನಷ್ಟು ಜಿಲ್ಲೆಗಳಿಗೆ ಅದನ್ನು ವಿಸ್ತರಿಸಲಾಯಿತು. ರೋಗವಿರುವ ಜಿಲ್ಲೆಗಳಲ್ಲಿ ಮಗುವಿಗೆ 9 ತಿಂಗಳು ತುಂಬಿದಾಗ ಮೊದಲನೆಯ, 16ರಿಂದ 24 ತಿಂಗಳೊಳಗೆ ಎರಡನೆಯ ಚುಚ್ಚುಮದ್ದನ್ನು ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಈ ಎರಡೂ ದಾಖಲಾಗಿವೆಯೇ ಎಂದು ಆಶಾ ಕಾರ್ಯಕರ್ತೆಯರಿಂದ ನೋಡಿಸಿಕೊಳ್ಳಬಹುದು.