ಐದು ಸೆಂಟ್ಸ್ ಜಾಗ, ಆರು ಚುಕ್ಕೆ

‘ಉಪಗ್ರಹಕ್ಕೆ ಎಲ್ಲವೂ ಕಾಣುತ್ತದೆ. ಗುಂಡಿ ಒತ್ತಿದರೆ ವರದಿ ಬರುತ್ತದೆ.’ ಕೊಚ್ಚಿಯ ಕಾಕ್ಕನಾಡಿನಂಥ ಕಡೆ ಐದು ಸೆಂಟ್ಸ್ ಕೊಂಡು, ಅದು ದಾಖಲೆಯಲ್ಲಿ ಇನ್ನೂ ಗದ್ದೆಯೆಂದು ಗೊತ್ತಾಗಿ ಮನೆ ಕಟ್ಟಲಾಗದೆ ಕುಳಿತವರಿಗೆ ಇದೇ ಭರವಸೆ. ಕೇರಳದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಜಾರಿಯಾದದ್ದು 2008ರ ಆಗಸ್ಟ್ 12ರಂದು. ಅದಕ್ಕೂ ಮೊದಲೇ ಮಣ್ಣು ಹೊಡೆಸಿದ ಜಾಗವಾದರೆ ಗದ್ದೆಗಳ ಸರ್ಕಾರಿ ಪಟ್ಟಿಯಾದ ಡೇಟಾ ಬ್ಯಾಂಕಿನಿಂದ ಬಿಡಿಸಲು ಅರ್ಜಿ ಹಾಕಬಹುದು. ಆಗ ಬೇಕಾಗಬಹುದಾದದ್ದು ತಿರುವನಂತಪುರದ ರಾಜ್ಯ ದೂರಸಂವೇದಿ ಮತ್ತು ಪರಿಸರ ಕೇಂದ್ರದ ವರದಿ.

ಅಲ್ಲಿನ ತಂತ್ರಜ್ಞರ ಪರದೆಯ ಮೇಲೆ ಆ ಜಾಗ ಎಷ್ಟು ದೊಡ್ಡದು? ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾದಲ್ಲಿ ಒಂದು ಚುಕ್ಕೆಯ (ಪಿಕ್ಸೆಲ್) ಉದ್ದಗಲ ಸುಮಾರು 5.8 ಮೀಟರ್. ಐದು ಸೆಂಟ್ಸ್ ಎಂದರೆ 202 ಚದರ ಮೀಟರ್, ಅಂದರೆ ಆರೇ ಚುಕ್ಕೆ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚಿತ್ರದಲ್ಲಂತೂ ಒಂದು ಚುಕ್ಕೆಯೊಳಗೆ 22 ಸೆಂಟ್ಸ್ ಅಡಗುತ್ತದೆ. ಸರ್ವೆ ನಕ್ಷೆಯನ್ನು ಚಿತ್ರದ ಮೇಲೆ ಕೂರಿಸುವಾಗ ಒಂದೇ ಒಂದು ಚುಕ್ಕೆ ಸರಿದರೂ ನೆರೆಯವರ ತೆಂಗು ಅರ್ಜಿದಾರರ ಪಾಲಿಗೆ ಬಂದುಬಿಡುತ್ತದೆ. ಗುಂಡಿ ಒತ್ತಿ ಮುಗಿಸುವ ಕೆಲಸ ಇದಲ್ಲ.

ಹಸಿರು ಕಂಡರೆ ಗದ್ದೆ ಎನ್ನುವುದೂ ತಪ್ಪು. ಎಲೆಗಳು ಹೆಚ್ಚಾಗಿ ಹಿಂದಕ್ಕೆ ಕಳಿಸುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ಅದಕ್ಕೆ ಕೆಂಪು ಬಣ್ಣ ಕೊಟ್ಟು ಚಿತ್ರ ಮಾಡುವುದರಿಂದ ತುಂಬು ಬೆಳೆ ಕಡುಗೆಂಪಾಗಿ, ನಿಂತ ನೀರು ಕಪ್ಪಾಗಿ ತೋರುತ್ತದೆ. ಎರ್ನಾಕುಳಂ ಕರಾವಳಿಯ ಪೊಕ್ಕಾಳಿ ಗದ್ದೆ ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಸೀಗಡಿ ಕೆರೆ. ಜನವರಿಯ ಚಿತ್ರವೊಂದನ್ನೇ ನಂಬಿದವರು ಅದನ್ನು ಗದ್ದೆಯಲ್ಲವೆಂದೇ ಬರೆದಾರು. ಹಂಗಾಮು ತಿಳಿದವರು ಹಾಗೆ ಬರೆಯುವುದಿಲ್ಲ. ಈ ಕೆಲಸದಲ್ಲಿ ನಾನು ಹೆಚ್ಚು ಗೌರವಿಸುವುದು ಈ ತಿಳಿವಳಿಕೆಯನ್ನು.

ಹಾಗಾದರೆ ಮಳೆಗಾಲದ ಚಿತ್ರ ತೆಗೆದರಾಯಿತಲ್ಲ? ಸಾಮಾನ್ಯ ಕ್ಯಾಮೆರಾಕ್ಕೆ ಆಗ ಮೋಡ ಅಡ್ಡ. ಮೋಡ ತೂರಿ ನೋಡಬಲ್ಲದ್ದು ರೇಡಾರ್. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ, ಮರುದಿನವೇ ರಿಸ್ಯಾಟ್ ರೇಡಾರ್ ತೆಗೆದ ಚಿತ್ರವನ್ನು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರ ಮೇ ತಿಂಗಳ ಕಾರ್ಟೊಸ್ಯಾಟ್-3 ಚಿತ್ರದ ಪಕ್ಕದಲ್ಲಿಟ್ಟು ಹಾನಿಯನ್ನು ಗುರುತಿಸಿತು. ಆದರೆ ರೇಡಾರ್ ಚಿತ್ರದಲ್ಲಿ ಬಣ್ಣವಿಲ್ಲ, ಬರೀ ಬೂದು. ಅದನ್ನು ಓದುವುದೇ ಬೇರೆ ಅಭ್ಯಾಸ.

ಇಷ್ಟಾದರೂ ತೆಂಗಿನ ಗರಿಗಳ ಕೆಳಗೆ ಏನಿದೆಯೆಂದು ಮೇಲಿನಿಂದ ತಿಳಿಯದು. ಮಾಲೀಕರು ಯಾರು, ಗಡಿ ಎಲ್ಲಿ ಎಂಬುದೂ ಉಪಗ್ರಹಕ್ಕೆ ಗೊತ್ತಿಲ್ಲ. ಸಂಶಯ ಉಳಿದರೆ ಜಿಪಿಎಸ್ ಹಿಡಿದು ಜಾಗಕ್ಕೇ ಹೋಗಿ ನೋಡಬೇಕು. ವರದಿ ಕೈಗೆ ಬಂದಾಗ ತೀರ್ಮಾನಕ್ಕಿಂತ ಮೊದಲು ಚಿತ್ರದ ತಾರೀಖು ಓದಿ. ಅದು 2008ರ ಆಗಸ್ಟಿಗೆ ಹಿಂದಿನದೋ ಮುಂದಿನದೋ ಎಂಬುದರ ಮೇಲೆ ನಿಮ್ಮ ಅರ್ಜಿ ನಿಂತಿದೆ.