ಹೃದಯಾಘಾತವೂ ಕಾಲಹರಣವೂ

ಎದೆನೋವು ಕಾಣಿಸಿಕೊಂಡಾಗ ಅದನ್ನು ವಾಯುವೆಂದೋ ಅಜೀರ್ಣವೆಂದೋ ಬಗೆದು, ಶುಂಠಿಯ ಕಷಾಯವನ್ನು ಕುಡಿದು, ಬೆಳಗಾಗಲೆಂದು ಕಾಯುತ್ತ ಮಲಗುವ ಪರಿಪಾಠವು ನಮ್ಮ ಜನರಲ್ಲಿ ಇನ್ನೂ ತಪ್ಪಿಲ್ಲ. ಹೃದಯಕ್ಕೆ ರಕ್ತವನ್ನು ಉಣಿಸುವ ನಾಳವು ಮುಚ್ಚಿಹೋಗಿ ಅದರ ಸ್ನಾಯುವು ಗಳಿಗೆಗಳಿಗೆಗೂ ಸಾಯುತ್ತಿರುವಾಗ ಹೀಗೆ ಕಳೆದ ರಾತ್ರಿಯು ಎಷ್ಟೋ ಮಂದಿಗೆ ಕಡೆಯ ರಾತ್ರಿಯಾಗುತ್ತಿದೆ. ಇಂತಹ ಮರಣಗಳಲ್ಲಿ ಬಹುಪಾಲು ವಿಜ್ಞಾನದ ಕೊರತೆಯಿಂದ ಆಗತಕ್ಕವಲ್ಲ, ಕಾಲಹರಣದಿಂದ ಆಗತಕ್ಕವೆಂಬುದನ್ನು ಮಹಾಜನರ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಆ ವಿಜ್ಞಾನವು ಸುಲಭವಾಗಿ ದೊರೆತುದಲ್ಲ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ನನು ಕೆಥೀಟರ್ ಎಂಬ ಸಪುರವಾದ ನಳಿಕೆಯನ್ನು ತೋಳಿನ ರಕ್ತನಾಳದ ಮೂಲಕ ತನ್ನ ಹೃದಯಕ್ಕೇ ತೂರಿಸಿಕೊಂಡು, ಎಕ್ಸ್‌ರೇ ಕೊಠಡಿಗೆ ನಡೆದುಹೋಗಿ ಚಿತ್ರವನ್ನು ತೆಗೆಯಿಸಿದನು. ಮೊದಲು ತಿರಸ್ಕಾರಕ್ಕೆ ಗುರಿಯಾದ ಈ ಸಾಹಸಕ್ಕೆ 1956ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. 1977ರ ಸೆಪ್ಟೆಂಬರ್ 16ರಂದು ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗನು ಅಂತಹ ನಳಿಕೆಯ ತುದಿಗೆ ಪುಟ್ಟ ಬೆಲೂನೊಂದನ್ನು ಅಳವಡಿಸಿ, ಎಚ್ಚರವಾಗಿಯೇ ಇದ್ದ ರೋಗಿಯ ಹೃದಯನಾಳದಲ್ಲಿ ಅದನ್ನು ಉಬ್ಬಿಸಿ, ಇಕ್ಕಟ್ಟಾಗಿದ್ದ ದಾರಿಯನ್ನು ಬಿಡಿಸಿದನು. ಎದೆಯನ್ನು ಸೀಳಬೇಕಾಗಲಿಲ್ಲ. ಬಿಡಿಸಿದ ನಾಳವು ಮರಳಿ ಕುಗ್ಗದಂತೆ ಆತುಹಿಡಿಯುವ ಸ್ಟೆಂಟ್ ಎಂಬ ಲೋಹದ ಜಾಲರಿಯು 1986ರಲ್ಲಿ ಬಂದಿತು.

ಎದೆನೋವುಗಳೆಲ್ಲವೂ ಒಂದೇ ಬಗೆಯವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ನಾಳವು ಪೂರ್ತಿಯಾಗಿ ಮುಚ್ಚಿರುವಂತೆ ಇ.ಸಿ.ಜಿ.ಯಲ್ಲಿ ಕಂಡುಬಂದರೆ, ಈ ಚಿಕಿತ್ಸೆಯುಳ್ಳ ಆಸ್ಪತ್ರೆಯನ್ನು ಸೇರಿದ 90 ನಿಮಿಷಗಳೊಳಗಾಗಿ ಅದನ್ನು ತೆರೆಯಬೇಕೆಂಬುದು ವೈದ್ಯರ ಗುರಿ. ವಿಶ್ರಾಂತಿಯಲ್ಲಿರುವಾಗಲೂ ಬರುವ, ದಿನದಿನಕ್ಕೆ ಬಲಿಯುವ ಅಸ್ಥಿರ ಎದೆನೋವಿನಲ್ಲಾದರೋ, ನಾಳವು ಸಾಮಾನ್ಯವಾಗಿ ಪೂರಾ ಮುಚ್ಚಿರುವುದಿಲ್ಲ. ಅಲ್ಲಿ ಹೆಪ್ಪನ್ನು ಕರಗಿಸುವ ಸೂಜಿಮದ್ದು ಸಲ್ಲದು. ಬೇರೆ ಔಷಧಗಳನ್ನು ಕೊಟ್ಟು, ಅಪಾಯವನ್ನು ತೂಗಿನೋಡಿ, ಹೆಚ್ಚಿನ ಗಂಡಾಂತರವುಳ್ಳವರಿಗೆ ಒಂದು ದಿನದೊಳಗಾಗಿಯೇ ನಳಿಕೆಯ ಪರೀಕ್ಷೆಯನ್ನು ಮಾಡುವರು. ಈ ಭೇದವನ್ನು ಮನೆಯ ಹಜಾರದಲ್ಲಿ ಕುಳಿತು ಅರಿಯಲು ಯಾರಿಂದ ಸಾಧ್ಯ? ಆದುದರಿಂದ ಎರಡರಲ್ಲಿಯೂ ಆಸ್ಪತ್ರೆಯ ದಾರಿಯನ್ನು ಹಿಡಿಯುವುದೊಂದೇ ವಿವೇಕ.

ಬೆಲೆಯ ಅಡ್ಡಿಯು ತಕ್ಕಮಟ್ಟಿಗೆ ತಗ್ಗಿದೆ. 2017ರಲ್ಲಿ ಭಾರತ ಸರ್ಕಾರವು ಸ್ಟೆಂಟುಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ಉಳಿದಿರುವುದು ದೂರದ ಅಡ್ಡಿ. ಬೆಂಗಳೂರಿನ ಜಯದೇವ ಸಂಸ್ಥೆಯಂತಹ ಆಸ್ಪತ್ರೆಗಳು ಹೋಬಳಿಹೋಬಳಿಗೂ ಇರಲಾರವಷ್ಟೆ. 120 ನಿಮಿಷಗಳಲ್ಲಿ ಅಂತಹ ಚಿಕಿತ್ಸೆ ದೊರೆಯದೆಂದು ಕಂಡರೆ, ಪೂರ್ಣವಾಗಿ ಮುಚ್ಚಿದ ನಾಳಕ್ಕೆ ಹತ್ತಿರದಲ್ಲಿಯೇ ಸೂಜಿಮದ್ದನ್ನು ಕೊಟ್ಟು ಒಡನೆಯೇ ದೊಡ್ಡಾಸ್ಪತ್ರೆಗೆ ಸಾಗಿಸತಕ್ಕದ್ದು. 2021ರಲ್ಲಿ 46ನೆಯ ವಯಸ್ಸಿನಲ್ಲಿಯೇ ನಮ್ಮನ್ನಗಲಿದ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ಕೈಗೊಂಡ ಹೃದಯಜ್ಯೋತಿ ಯೋಜನೆಯ ತಿರುಳು ಇದೇ.

ಯೋಜನೆಯು ಕಾಗದದ ಮೇಲಿದ್ದರೆ ಸಾಲದು. ನಡುರಾತ್ರಿಯಲ್ಲಿಯೂ ಇ.ಸಿ.ಜಿ. ತೆಗೆಯಬಲ್ಲವನು ತಾಲ್ಲೂಕಿನಲ್ಲಿರುವನೆ, ಮದ್ದು ಕಪಾಟಿನಲ್ಲಿದೆಯೆ, ವಾಹನಕ್ಕೆ ಚಾಲಕನುಂಟೆ ಎಂಬುದನ್ನು ಅಧಿಕಾರಿಗಳು ಖುದ್ದಾಗಿ ವಿಚಾರಿಸಲಿ. ನೋವು ಕಾಣಿಸಿದೊಡನೆ ಹೊರಡುವ ಹೊಣೆಯನ್ನು ಜನರು ವಹಿಸಲಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿ ಫಲವೇನು?